ಎರೆ, ಕೋಲು, ಕೆರೆ

ನಮ್ಮ ಆಡುಮಾತಿನಲ್ಲಿ ‘ಗಾಳ ಹಾಕುವುದು’ ಎಂಬುದಕ್ಕೆ ಒಳ್ಳೆಯ ಹೆಸರಿಲ್ಲ. ಸಾಲ ಕೇಳಬಂದವನು ಗಾಳ ಹಾಕುತ್ತಾನೆ. ವರನನ್ನು ಹುಡುಕುವವನು ಗಾಳ ಹಾಕುತ್ತಾನೆ. ಚುನಾವಣೆಯ ಕಾಲದಲ್ಲಿ ಊರಿಗೆ ಊರೇ ಗಾಳಗಳಿಂದ ತುಂಬಿಹೋಗುತ್ತದೆ. ನಿಜವಾದ ಗಾಳವನ್ನು ನಿಜವಾದ ನೀರಿಗಿಳಿಸಿ ಕುಳಿತವನೂ ಮೋಸಗಾರನೇ, ಸಂದೇಹವಿಲ್ಲ. ಆದರೆ ಉಳಿದವರಿಗೂ ಅವನಿಗೂ ಒಂದು ಭೇದವುಂಟು. ತಾನು ಮೋಸಗೊಳಿಸಬೇಕೆಂದಿರುವ ಜೀವಿ ಏನನ್ನು ತಿನ್ನುತ್ತದೆ, ಯಾವಾಗ ಹಸಿಯುತ್ತದೆ, ಯಾವುದಕ್ಕೆ ಹೆದರುತ್ತದೆ, ಯಾವ ನೆರಳಿನಲ್ಲಿ ನಿಲ್ಲುತ್ತದೆ ಎಂಬುದನ್ನು ಅವನು ತಾಳ್ಮೆಯಿಂದ ಕಲಿಯಬೇಕು. ಕಲಿಯದವನ ಗಾಳಕ್ಕೆ ಜೊಂಡು ಮಾತ್ರ ಸಿಕ್ಕುತ್ತದೆ.

ಗಾಳದ ತುದಿಗೆ ಸಿಕ್ಕಿಸುವ ಆಹಾರಕ್ಕೆ ಕನ್ನಡದಲ್ಲಿ ‘ಎರೆ’ ಎಂದು ಹೆಸರು. ಮಳೆ ಬಿದ್ದೊಡನೆ ನೆಲದಿಂದ ಮೇಲೇಳುವ ಹುಳುವನ್ನು ಇಂದು ನಾವು ರೈತನ ಮಿತ್ರನೆಂದು ಕೊಂಡಾಡುತ್ತೇವೆ. ಆದರೆ ಅದರ ಹೆಸರಿನಲ್ಲಿ ಉಳಿದಿರುವುದು ಅದರ ಹಳೆಯ ಉಪಯೋಗ. ಎರೆಯಾಗುವ ಹುಳುವೇ ಎರೆಹುಳು. ಈಗ ಪೇಟೆಯಲ್ಲಿ ದೊರೆಯುವುದು ಈ ಜೀವಂತ ಎರೆಯಲ್ಲ, ಅದರ ಪ್ರತಿರೂಪ: ರಬ್ಬರಿನ ಕಪ್ಪೆ, ತಗಡಿನ ಚಮಚ, ಮರದ ಅಥವಾ ಪ್ಲಾಸ್ಟಿಕ್ಕಿನ ಮರಿಮೀನು, ಜೆಲ್ಲಿಯಂತೆ ನಡುಗುವ ಹುಳು. ಇವಕ್ಕೆ ‘ಹುಸಿ ಎರೆ’ ಎನ್ನೋಣ. ಇಷ್ಟೊಂದು ಹುಸಿ ಎರೆಗಳಲ್ಲಿ ಯಾವುದನ್ನು ಆರಿಸಬೇಕು, ಕಡಿಮೆ ಹಣದಲ್ಲಿ ಎಂಥ ಕೋಲನ್ನು ಕೊಳ್ಳಬೇಕು ಎಂದು ಹವ್ಯಾಸಕ್ಕೆ ಹೊಸದಾಗಿ ಬಂದ ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ಅಂಗಡಿಯದೆಂದು ತೋರುತ್ತದೆ. ಉತ್ತರ ಮಾತ್ರ ಕೆರೆಯಲ್ಲಿದೆ.

ರಾಜನ ವಿನೋದ

ಮೀನಿನ ಬೇಟೆಯೆಂದರೆ ಇಂಗ್ಲಿಷರು ತಂದ ಹುಚ್ಚು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇದು ಪೂರ್ತಿ ಸರಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಒಂದು ಅಧ್ಯಾಯವೇ ಇದೆ. ರಾಜ್ಯಭಾರ, ವೈದ್ಯ, ಅಡುಗೆ, ಸಂಗೀತ, ಆನೆಯ ಲಕ್ಷಣ ಎಲ್ಲವನ್ನೂ ನೂರು ಅಧ್ಯಾಯಗಳಲ್ಲಿ ಅಡಕಮಾಡಿದ ಆ ದೊರೆಗೆ ಗಾಳದ ವಿಷಯ ಅಲ್ಪವೆಂದು ತೋರಲಿಲ್ಲ. ಸಮುದ್ರದವು, ಸಿಹಿನೀರಿನವು, ಹುರುಪೆಯುಳ್ಳವು, ಹುರುಪೆಯಿಲ್ಲದವು ಎಂದು ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ವಿಂಗಡಿಸಿ, ಅವುಗಳಿಗೆ ಹಾಕಬೇಕಾದ ಆಹಾರವನ್ನು ಹೇಳಿ, ಆಮೇಲೆ ಹಿಡಿಯುವ ಮಾತಿಗೆ ಅವನು ಬರುತ್ತಾನೆ. ಈ ಕ್ರಮವನ್ನು ಗಮನಿಸಬೇಕು: ಮೊದಲು ಮೀನು, ಬಳಿಕ ಅದರ ಊಟ, ಕೊನೆಗೆ ಗಾಳ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ವಿದ್ವಾಂಸರ ಗಮನಕ್ಕೆ ತಂದರು. ಬೀದರಿನ ಕಡೆಯ ಒಂದು ರಾಜಧಾನಿಯಲ್ಲಿ ಹುಟ್ಟಿದ ಈ ಜ್ಞಾನಕ್ಕೆ ಅಲ್ಲಿಯವರೆಗೆ ನಮ್ಮ ಓದುಗರಲ್ಲಿ ಹೆಚ್ಚಿನ ಪ್ರಚಾರವಿರಲಿಲ್ಲ.

ಇಂಗ್ಲಿಷರ ಕೊಡುಗೆಯನ್ನು ಅಲ್ಲಗಳೆಯಬೇಕಾಗಿಲ್ಲ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂದ ದಂಡು ಹಲಸೂರಿನ ಸುತ್ತ ನೆಲೆಯೂರಿತು. ಬ್ಲ್ಯಾಕ್‌ಪಲ್ಲಿಯೆಂದು ಕರೆಯುತ್ತಿದ್ದ ಇಂದಿನ ಶಿವಾಜಿನಗರ ಆ ದಂಡಿನ ಪೇಟೆಯಾಯಿತು. ಈ ಪ್ರದೇಶ 1947ರಲ್ಲಿ ಮೈಸೂರಿಗೆ ಮರಳುವವರೆಗೂ ಬ್ರಿಟಿಷರ ಆಡಳಿತದಲ್ಲಿತ್ತು. ಬಿಡುವಿನ ವೇಳೆಯಲ್ಲಿ ಗಾಳದ ಕೋಲು ಹಿಡಿಯುವುದು ಬ್ರಿಟಿಷ್ ಅಧಿಕಾರಿಗಳಿಗೆ ಊರಿನಿಂದಲೇ ಬಂದ ಅಭ್ಯಾಸ. ಅಂಥವರಿಗೆ ದಾರಿದೀಪವಾದ ಪುಸ್ತಕ ಅಚ್ಚಾದದ್ದು ಲಂಡನ್ನಿನಲ್ಲಲ್ಲ, ನಮ್ಮ ಮಂಗಳೂರಿನಲ್ಲಿ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತ 1873ರಲ್ಲಿ ಅಲ್ಲಿಯೇ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವನ್ನು ಪ್ರಕಟಿಸಿದನು. 1887ರಲ್ಲಿ ಕೆರೆಯ ಮೀನುಬೇಟೆಗಾಗಿಯೇ ಇನ್ನೊಂದು ಪುಸ್ತಕವನ್ನು ಬರೆದನು. ಕೋಲು ಹಿಡಿದ ಈತನೇ 1870ರಲ್ಲಿ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ಸರ್ಕಾರಕ್ಕೆ ವರದಿಯನ್ನೊಪ್ಪಿಸಿದ್ದನೆಂಬುದು ಗಮನಾರ್ಹ. ಸಿಡಿಮದ್ದು ಮತ್ತು ವಿಷವಿಕ್ಕಿ ಮೀನು ಹಿಡಿಯುವುದನ್ನು ನಿಷೇಧಿಸುವ ಭಾರತೀಯ ಮೀನುಗಾರಿಕೆ ಶಾಸನ ಬಂದದ್ದು 1897ರಲ್ಲಿ.

ಹುಸಿ ಎರೆಯ ಗುಟ್ಟು

ಕೊಕ್ಕೆಗೆ ಸುಳ್ಳನ್ನು ಕಟ್ಟುವ ವಿದ್ಯೆ ಹಳೆಯದು. ಮೆಸಿಡೋನಿಯದವರು ಕೊಕ್ಕೆಗೆ ಕೆಂಪು ಉಣ್ಣೆಯನ್ನೂ ಹಕ್ಕಿಯ ಗರಿಯನ್ನೂ ಸುತ್ತಿ ನೊಣವೆಂದು ಮೀನನ್ನು ನಂಬಿಸುತ್ತಿದ್ದರೆಂದು ಸುಮಾರು 1800 ವರ್ಷಗಳ ಹಿಂದೆ ಈಲಿಯನ್ ಎಂಬ ರೋಮನ್ ಲೇಖಕ ಬರೆದಿಟ್ಟಿದ್ದಾನೆ. ಆದರೆ ಬಹುಕಾಲ ಜೀವಂತ ಎರೆಯೇ ಪ್ರಧಾನವಾಗಿತ್ತು. ಇಂಗ್ಲಿಷಿನ ಗದ್ಯಪ್ರಿಯರೆಲ್ಲ ಓದುವ ಐಸಾಕ್ ವಾಲ್ಟನ್ನನ ಗ್ರಂಥ 1653ರದು. ಜೀವಂತ ಕಪ್ಪೆಯನ್ನು ಕೊಕ್ಕೆಗೆ ಸಿಕ್ಕಿಸುವ ಕ್ರೂರ ಕ್ರಮವನ್ನು ಅವನು ಅದರಲ್ಲಿ ಬಹು ಮೃದುವಾಗಿ ಉಪದೇಶಿಸಿದ್ದಾನೆ. ಕವಿ ಬೈರನ್ ‘ಡಾನ್ ಜುವಾನ್’ ಕಾವ್ಯದಲ್ಲಿ ಅವನನ್ನು ನಿರ್ದಯನೆಂದು ಹೀಯಾಳಿಸಿದನು. ರಬ್ಬರಿನ ಕಪ್ಪೆ ಮಾಡಿದ ಮೊದಲ ಉಪಕಾರ ಬೇಟೆಗಾರನಿಗಲ್ಲ, ನಿಜವಾದ ಕಪ್ಪೆಗೆ.

ಇಂದಿನ ಹುಸಿ ಎರೆಗಳ ಪೂರ್ವಜರು ಅಗ್ಗದ ವಸ್ತುಗಳಿಂದಲೇ ಹುಟ್ಟಿದರು. ಊಟದ ಚಮಚದ ಆಕಾರದ ತಗಡಿಗೆ ಅಮೆರಿಕದ ಜೂಲಿಯೊ ಬ್ಯುಯೆಲ್ 1852ರಲ್ಲಿ ಹಕ್ಕುಪತ್ರ ಪಡೆದನು. ಮಿಷಿಗನ್ನಿನ ಜೇಮ್ಸ್ ಹೆಡನ್ 1890ರ ದಶಕದಲ್ಲಿ ಮರದ ತುಂಡನ್ನು ಕೆತ್ತಿ ಕಪ್ಪೆ ಮಾಡಿದನು. ಅಲ್ಲಿನ ನೀರಿನ ಮುಖ್ಯ ಬೇಟೆ ಬಾಸ್ ಎಂಬ ಅಗಲಬಾಯಿಯ ಮೀನು. ಅನೇಕ ಹುಸಿ ಎರೆಗಳು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ತಯಾರಾಗುತ್ತವೆ. ಫಿನ್ಲೆಂಡಿನ ಬಡ ಮೀನುಗಾರ ಲೌರಿ ರಾಪಲ 1936ರಲ್ಲಿ ಬೆಂಡನ್ನು ಕೆತ್ತಿ, ಚಾಕಲೇಟಿನ ಬೆಳ್ಳಿಕಾಗದವನ್ನು ಅದಕ್ಕೆ ಹೊದಿಸಿ, ಮೇಲೆ ಕರಗಿಸಿದ ಹಳೆಯ ಛಾಯಾಚಿತ್ರದ ಫಿಲ್ಮನ್ನು ಬಳಿದನು. ಅವನು ದೋಣಿಯಲ್ಲಿ ಕುಳಿತು ಕಂಡುಕೊಂಡದ್ದು ಒಂದೇ ಸಂಗತಿ: ಸಾವಿರ ಮರಿಮೀನುಗಳ ಹಿಂಡಿನಲ್ಲಿ ದೊಡ್ಡ ಮೀನು ಹುಡುಕುವುದು ಗಾಯಗೊಂಡು ಅಡ್ಡಾದಿಡ್ಡಿಯಾಗಿ ಈಜುವ ಒಂದನ್ನು.

ಎರೆಯನ್ನಾರಿಸುವ ಶಾಸ್ತ್ರವೆಲ್ಲ ಇಷ್ಟರಲ್ಲಿ ಅಡಗಿದೆ. ಹುಸಿ ಎರೆ ಅನುಕರಿಸುವುದು ಮೀನನ್ನಲ್ಲ, ಮೀನಿನ ದೌರ್ಬಲ್ಯವನ್ನು. ಅದರ ಬಣ್ಣ ಎಷ್ಟು ಸುಂದರವೆಂಬುದು ಕೊಳ್ಳುವವನಿಗೆ ಮುಖ್ಯ. ಅದು ನೀರಿನಲ್ಲಿ ಹೇಗೆ ಕುಂಟುತ್ತದೆಯೆಂಬುದು ಮೀನಿಗೆ ಮುಖ್ಯ. ಅಂಗಡಿಯ ಗಾಜಿನ ಹಿಂದೆ ಮಿರುಗುವ ಬಹುತೇಕ ಎರೆಗಳು ಮನುಷ್ಯನನ್ನು ಹಿಡಿಯಲೆಂದೇ ಮಾಡಿದವು.

ನಮ್ಮ ಕೆರೆಗೆ ಯಾವುದು?

ಬಾಸ್ ನಮ್ಮ ಕೆರೆಗಳ ಮೀನಲ್ಲ. ಆದರೆ ಅದರ ಸ್ವಭಾವದ ಮೀನು ನಮ್ಮಲ್ಲಿ ಇಲ್ಲದಿಲ್ಲ. ತೆಲುಗರು ಕೊರ್ರಮೀನು ಎಂದೂ ಹಲಸೂರಿನ ತಮಿಳರು ವಿರಾಲ್ ಎಂದೂ ಕರೆಯುವ ಕೊರಮೀನು ಹೊಂಚುಹಾಕಿ ಬೇಟೆಯಾಡುವ ಜಾತಿಯದು. ಹಾವಿನಂಥ ತಲೆ, ಉದ್ದನೆಯ ಮೈ, ಜೊಂಡಿನ ನೆರಳಿನಲ್ಲಿ ಅಲುಗದೆ ನಿಲ್ಲುವ ಸಂಯಮ. ಕಿವಿರಿನ ಜೊತೆಗೆ ಗಾಳಿಯನ್ನು ನೇರವಾಗಿ ಉಸಿರಾಡುವ ಅಂಗವೂ ಇದಕ್ಕಿರುವುದರಿಂದ ಆಗಾಗ ಮೇಲಕ್ಕೆ ಬಂದು ನೀರನ್ನು ಸೀಳಿ ಹೋಗುತ್ತದೆ. ಆ ಸುಳಿಯನ್ನು ಗುರುತಿಸಿದವನಿಗೆ ಅರ್ಧ ಕೆಲಸ ಮುಗಿಯಿತು.

ಇದಕ್ಕೆ ತಕ್ಕ ಎರೆ ಟೊಳ್ಳು ರಬ್ಬರಿನ ಕಪ್ಪೆ. ಅದರ ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುವುದರಿಂದ ಜೊಂಡಿನ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ರಬ್ಬರು ಅಮುಕಿ ಕೊಕ್ಕೆ ಹೊರಬರುತ್ತದೆ. ಹೀಗಾಗಿ ಕೊಳ್ಳುವಾಗ ಕಣ್ಣು ಬಣ್ಣವನ್ನು ನೋಡಲಿ, ಬೆರಳು ರಬ್ಬರನ್ನು ಅಮುಕಿ ನೋಡಲಿ. ಗಡುಸಾದ ಕಪ್ಪೆ ಅಂದವಾಗಿದ್ದರೂ ನಿರುಪಯುಕ್ತ. ನೀರು ಸಿಡಿದ ಕ್ಷಣವೇ ಕೋಲನ್ನೆತ್ತಿದರೆ ಕಪ್ಪೆ ಬಾಯಿಂದ ಹಾರಿ ಬರುತ್ತದೆ. ಒಂದು ಉಸಿರಿನಷ್ಟು ತಡೆದು, ದಾರದಲ್ಲಿ ಭಾರ ಕಂಡ ಮೇಲೆ ಎತ್ತಬೇಕು. ತೆರೆದ ನೀರಿದ್ದಲ್ಲಿ ಚಮಚದ ಎರೆಯೊಂದು ಸಾಕು: ಅಗ್ಗದ್ದು, ದೂರ ಹೋಗುವುದು, ಬೇಗ ಹಾಳಾಗದು. ಒಂದು ಕಪ್ಪೆ, ಒಂದು ಚಮಚ, ಒಂದು ಮರಿಮೀನು, ಹೀಗೆ ಮೂರು ಎರೆಗಳಿಂದ ಒಂದು ವರ್ಷ ಕಲಿಯಬಹುದು. ಮೂವತ್ತು ಎರೆಗಳ ಪೆಟ್ಟಿಗೆಯುಳ್ಳವನು ಎರೆಯನ್ನು ಬದಲಾಯಿಸುವುದರಲ್ಲೇ ಸಂಜೆಯನ್ನು ಕಳೆಯುತ್ತಾನೆ.

ಆದರೆ ಕಾಟ್ಲಾ, ರೋಹುಗಳ ಮುಂದೆ ಹುಸಿ ಎರೆಯನ್ನು ಎಷ್ಟು ಕುಣಿಸಿದರೂ ಪ್ರಯೋಜನ ಕಡಿಮೆ. ಗಂಗೆಯ ಕಡೆಯಿಂದ ತಂದು ನಮ್ಮ ಕೆರೆಗಳಲ್ಲಿ ಬಿಟ್ಟ ಈ ಮೀನುಗಳು ಬೇಟೆಗಾರರಲ್ಲ. ನೀರಿನ ಸೂಕ್ಷ್ಮಜೀವಿಗಳನ್ನೂ ಪಾಚಿಯನ್ನೂ ತಿಂದು ಬದುಕುವಂಥವು. ಇವಕ್ಕೆ ಕಡಲೆಕಾಯಿ ಹಿಂಡಿ, ಅಕ್ಕಿಯ ತೌಡು, ರಾಗಿ ಹಿಟ್ಟು ಕಲಸಿದ ಉಂಡೆಯೇ ಸರಿ. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯ, ಅಂದರೆ ಪೇಟೆಯ ಜಿಲೇಬಿ ಮೀನು, ಎರೆಹುಳುವಿಗೆ ಒಲಿಯುತ್ತದೆ. ಹೀಗೆ ಒಂದೇ ಕೆರೆಯಲ್ಲಿ ಮೂರು ಊಟದ ಪದ್ಧತಿಗಳು. ಸೋಮೇಶ್ವರ ದೊರೆ ಮೀನನ್ನು ವಿಂಗಡಿಸಿ ಆಮೇಲೆ ಗಾಳದ ಮಾತನ್ನೆತ್ತಿದುದರ ಔಚಿತ್ಯ ಇಲ್ಲಿ ಸ್ಪಷ್ಟವಾಗುತ್ತದೆ.

ರಾಗಿಯ ಮಾತು ಬಂದದ್ದರಿಂದ ಕೆರೆಯನ್ನು ಬಿಟ್ಟು ಒಂದು ಗಳಿಗೆ ಕಾವೇರಿಗೆ ಹೋಗಬೇಕು. ಜಗತ್ತಿನ ದೊಡ್ಡ ಸಿಹಿನೀರಿನ ಬೇಟೆಮೀನುಗಳಲ್ಲಿ ಒಂದಾದ ಮಹಶೀರ್ ಆ ನದಿಯದು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ ಮೀನು 120 ಪೌಂಡು ತೂಗಿತ್ತು. 1970ರ ದಶಕದ ಕೊನೆಯಲ್ಲಿ ಮತ್ತೆ ಈ ಮೀನನ್ನರಸಿ ವಿದೇಶೀಯರು ಬಂದಾಗ, ಅವರ ಬೆಲೆಬಾಳುವ ಕೋಲುಗಳ ತುದಿಯಲ್ಲಿ ಮಹಶೀರನ್ನು ಒಲಿಸಿಕೊಂಡದ್ದು ಹೊಳೆಯ ದಂಡೆಯ ಜನರ ಊಟದ ರಾಗಿ ಮುದ್ದೆ! ಆ ಹೊಳೆಯ ಗೂನುಬೆನ್ನಿನ ಮಹಶೀರಿಗೆ ಶಾಸ್ತ್ರೀಯ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತುತ್ತತುದಿಯಲ್ಲಿರುವ ಜೀವಿಗಳ ಪಟ್ಟಿಯನ್ನೂ ಸೇರಿತು. ಹೆಸರಿಡುವ ಸಮಾರಂಭವೂ ಅಂತ್ಯದ ಎಚ್ಚರಿಕೆಯೂ ಒಂದೇ ವರ್ಷದಲ್ಲಿ ನಡೆದುಹೋದವು.

ಬಡವನ ಕೋಲು

ಇನ್ನು ಕೋಲಿನ ವಿಚಾರ. ಕೆರೆಯ ದಂಡೆಯಲ್ಲಿ ಹುಡುಗನೊಬ್ಬ ಬಿದಿರ ಕೋಲಿಗೆ ದಾರ ಕಟ್ಟಿ, ಬೆಂಡನ್ನು ತೇಲಬಿಟ್ಟು ಕುಳಿತಿದ್ದರೆ ನಾವು ಅವನನ್ನು ಬಡವನೆನ್ನುತ್ತೇವೆ. ಆದರೆ ಬಿದಿರಿನ ಚರಿತ್ರೆಯನ್ನು ಬಲ್ಲವರು ಆ ಮಾತನ್ನು ಸ್ವಲ್ಪ ತಡೆದು ಆಡಿಯಾರು. 1840ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಸ್ಯಾಮ್ಯುಯೆಲ್ ಫಿಲಿಪ್ ಎಂಬ ಕುಶಲಕರ್ಮಿ ಬಿದಿರನ್ನು ಪಟ್ಟಿಗಳಾಗಿ ಸೀಳಿ, ಅಂಟಿಸಿ, ತೆಳುವಾದ ಗಾಳದ ಕೋಲನ್ನು ಮಾಡಿದನು. ಅವನು ಬಳಸಿದ ಬಿದಿರು ಹಡಗಿನಲ್ಲಿ ಕಲ್ಕತ್ತೆಯಿಂದ ಹೋದದ್ದು. ಮುಂದೆ ಚೀನದ ಟೋಂಕಿನ್ ಬಿದಿರು ಅದರ ಸ್ಥಾನವನ್ನು ಆಕ್ರಮಿಸಿತು. ಆರು ಪಟ್ಟಿಗಳ ಆ ಕೋಲು ಶ್ರೀಮಂತರ ಕೈಯ ಆಭರಣವಾಯಿತು. ನಮ್ಮ ಬಿದಿರ ಮೆಳೆ ಸಮುದ್ರ ದಾಟಿ, ವಾರ್ನಿಷು ಬಳಿಸಿಕೊಂಡು ದೊರೆಗಳ ವಿನೋದಕ್ಕೆ ಸಲ್ಲುವಾಗ, ಅದೇ ಬಿದಿರನ್ನು ಸೀಳದೆ ಹಿಡಿದ ಹಳ್ಳಿಗ ಮಾತ್ರ ಬಡವನಾಗಿಯೇ ಉಳಿದನು.

ಎರಡನೆಯ ಮಹಾಯುದ್ಧದ ನಂತರ ಗಾಜಿನ ನಾರಿನ ಕೋಲು ಬಂತು. 1970ರ ದಶಕದಲ್ಲಿ ಇಂಗಾಲದ ನಾರಿನದು ಬಂತು. ಇಂಗಾಲದ ಕೋಲು ಹಗುರ, ಮೀನಿನ ಸಣ್ಣ ಸ್ಪರ್ಶವನ್ನೂ ಕೈಗೆ ತಲುಪಿಸುವಷ್ಟು ಸೂಕ್ಷ್ಮ; ಆದರೆ ಕಲ್ಲಿಗೆ ತಗುಲಿದರೆ ಒಡೆಯುವ ಸಂಭವ ಹೆಚ್ಚು. ಅದು ವಿದ್ಯುತ್ತನ್ನೂ ಹರಿಸುತ್ತದೆ. ಗುಡುಗು ಮಿಂಚಿನಲ್ಲಾಗಲಿ ವಿದ್ಯುತ್ ತಂತಿಯ ಕೆಳಗಾಗಲಿ ಅದನ್ನೆತ್ತಿ ನಿಲ್ಲುವುದು ಪ್ರಾಣಕ್ಕೆ ಅಪಾಯ. ಗಾಜಿನ ನಾರಿನ ಕೋಲು ತುಸು ಭಾರ, ತುಸು ಮಂದ. ಆದರೆ ಬಗ್ಗುತ್ತದೆ, ಸುಲಭವಾಗಿ ಮುರಿಯುವುದಿಲ್ಲ, ಬೆಲೆಯೂ ಕಡಿಮೆ. ಆರಂಭಿಸುವ ವಿದ್ಯಾರ್ಥಿಗೆ ಇದೇ ಹೆಚ್ಚು ಸೂಕ್ತ. ಹುಸಿ ಎರೆಯನ್ನು ಎಸೆಯಲು ಆರೂವರೆಯಿಂದ ಏಳು ಅಡಿಯ ಕೋಲು ಸಾಕು. ಬೆಂಡಿನ ಬೇಟೆಗೆ ಹತ್ತು ಹನ್ನೆರಡು ಅಡಿಯ ಬಿದಿರೇ ಮೇಲು.

ಕೊಳ್ಳುವಾಗ ನೋಡಬೇಕಾದದ್ದು ನಾಲ್ಕು. ಕೋಲಿನ ಬುಡದಲ್ಲಿ ಅದು ಎಸೆಯಬಲ್ಲ ಎರೆಯ ತೂಕವನ್ನು ಗ್ರಾಮುಗಳಲ್ಲಿ ಬರೆದಿರುತ್ತದೆ. ನಿಮ್ಮ ಎರೆ ಆ ಮಿತಿಯೊಳಗಿರಬೇಕು. ದಾರ ಹಾಯುವ ಉಂಗುರಗಳೊಳಗೆ ಸ್ವಲ್ಪ ಹತ್ತಿಯನ್ನು ಉಜ್ಜಿ ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ನಾಳೆ ದಾರ ಅಲ್ಲಿಯೇ ಕಡಿಯುತ್ತದೆ. ಎರಡು ತುಂಡಿನ ಕೋಲಾದರೆ ಕೀಲು ಸಡಿಲವಿರಬಾರದು. ಒಂದರೊಳಗೊಂದು ಸೇರಿ ಕೈಚೀಲದಲ್ಲಿ ಅಡಗುವ ಕೋಲು ಬಸ್ಸಿನಲ್ಲಿ ಒಯ್ಯಲು ಅನುಕೂಲ, ಆದರೆ ಕೀಲು ಹೆಚ್ಚಿದಷ್ಟೂ ಬಲ ಕಡಿಮೆ. ಹಣ ಮಿಕ್ಕರೆ ಅದನ್ನು ಕೋಲಿಗಲ್ಲ, ದಾರಕ್ಕೂ ರೀಲಿಗೂ ಹಾಕಿ. ಮೀನಿಗೂ ನಿಮಗೂ ನಡುವೆ ಇರುವುದು ಕೋಲಿನ ಬೆಡಗಲ್ಲ, ಒಂದೆಳೆ ದಾರ.

ನೀರಿನ ಸಾಕ್ಷಿ

ಇಷ್ಟೆಲ್ಲ ಕೊಂಡು ತಂದಾಯಿತು. ಎಸೆಯುವುದೆಲ್ಲಿ?

ದಂಡಿನಿಂದ ಪೂರ್ವಕ್ಕೆ ಹೊರಟರೆ ಹಲಸೂರು, ಬೆಳ್ಳಂದೂರು, ವರ್ತೂರು, ಕೃಷ್ಣರಾಜಪುರದ ವೆಂಗಯ್ಯನ ಕೆರೆ, ಹೀಗೆ ಹಿರಿಯರು ಕಟ್ಟಿದ ನೀರಿನ ಸಾಲು ಸಿಗುತ್ತದೆ. ಇವು ಹೊಲಕ್ಕೆ ನೀರುಣಿಸಲೆಂದು, ದನಕ್ಕೆ ಕುಡಿಯಲೆಂದು ಕಟ್ಟಿದವು. ಊರು ಬೆಳೆದಂತೆ ಊರಿನ ಕೊಳೆಯನ್ನು ಹೊರುವ ಕೆಲಸ ಇವುಗಳ ಪಾಲಿಗೆ ಬಂತು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ದಂಡೆಗೆ ಸಾವಿರಾರು ಮೀನುಗಳು ಸತ್ತು ತೇಲಿಬಂದವು. ಬೆಳ್ಳಂದೂರಿನ ಕೆರೆಯಲ್ಲಿ 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಕಾಣಿಸಿಕೊಂಡಿತು. ನೀರಿಗೆ ಬೆಂಕಿ ಬೀಳುವುದನ್ನು ನಾವು ಪ್ರಳಯದ ವರ್ಣನೆಗಳಲ್ಲಿ ಮಾತ್ರ ಓದಿದ್ದೆವು.

ಇಂಥ ನೀರಿನಲ್ಲಿ ಎರೆಯ ಪ್ರಶ್ನೆ ಇನ್ನೊಂದು ಅರ್ಥವನ್ನು ತಾಳುತ್ತದೆ. ಚರಂಡಿಯ ನೀರು ಕೊಳೆತು ಆಮ್ಲಜನಕ ಕುಗ್ಗಿದಾಗ ಮೊದಲು ಸಾಯುವುದು ಕಿವಿರನ್ನೇ ನಂಬಿದ ಮೀನು. ಗಾಳಿಯನ್ನುಸಿರಾಡಬಲ್ಲ ಕೊರಮೀನು, ಕೇಂದ್ರ ಸರ್ಕಾರ 2000ದಲ್ಲಿಯೇ ಸಾಕಣೆಯನ್ನು ನಿಷೇಧಿಸಿದ ಆಫ್ರಿಕದ ಕ್ಯಾಟ್‌ಫಿಶ್, ಇಂಥವು ಉಳಿದುಕೊಳ್ಳುತ್ತವೆ. ಬಗೆಬಗೆಯ ಮೀನಿದ್ದ ಕೆರೆಯಲ್ಲಿ ವರ್ಷದಿಂದ ವರ್ಷಕ್ಕೆ ಗಾಳಿಯುಸಿರಿನ ಮೀನು ಮಾತ್ರ ಗಾಳಕ್ಕೆ ಬರತೊಡಗಿದರೆ ಬೇಟೆಗಾರ ತನ್ನ ಎರೆಯನ್ನು ಹೊಗಳಿಕೊಳ್ಳಬಾರದು; ನೀರು ಕೆಡುತ್ತಿದೆಯೆಂದು ತಿಳಿಯಬೇಕು. ಪ್ರಯೋಗಶಾಲೆಯ ಸೀಸೆಗಿಂತ ಮೊದಲೇ ಈ ವರದಿ ಅವನ ಕೈಗೆ ಬಂದಿರುತ್ತದೆ. ಅದನ್ನು ಊರಿಗೆ ತಿಳಿಸಬಲ್ಲವನೂ ಅವನೇ. ಅಂಥ ನೀರಿನ ಮೀನನ್ನು ಮನೆಗೆ ಒಯ್ಯುವುದು ಎಂದಿಗೂ ಸಲ್ಲದು.

ಸಾಕ್ಷಿಯಾದವನಿಗೆ ಕೆಲವು ವ್ರತಗಳೂ ಉಂಟು. ಅನೇಕ ಕೆರೆಗಳಲ್ಲಿ ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ, ಕೆಲವೆಡೆ ಗಾಳವೇ ನಿಷಿದ್ಧ; ಅಪ್ಪಣೆ ಕೇಳದೆ ದಾರ ಬಿಡಬಾರದು. ಕಡಿದ ನೈಲಾನ್ ದಾರವನ್ನು ದಂಡೆಯಲ್ಲಿ ಬಿಟ್ಟರೆ ನೀರಹಕ್ಕಿಯ ಕಾಲಿಗೆ ಅದೇ ಉರುಳು. ಸೀಸದ ಗುಂಡನ್ನು ನುಂಗಿದ ಹಕ್ಕಿಗೆ ಅದೇ ವಿಷ. ಬಿಡಬೇಕೆಂದಿರುವ ಮೀನಿಗಾಗಿ ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡುವುದು ಕ್ಷಣದ ಕೆಲಸ.

ಎಲ್ಲಕ್ಕಿಂತ ದೊಡ್ಡ ವ್ರತ ಮಳೆಗಾಲದ್ದು. ಆಗ ಕೊರಮೀನು ಜೊಂಡಿನ ನಡುವೆ ಸ್ಥಳವನ್ನು ತೆರವುಮಾಡಿ ಮೊಟ್ಟೆಯಿಡುತ್ತದೆ. ಮರಿಗಳು ಹೊರಬಂದ ಮೇಲೆ ಕೆಂಪನೆಯ ಗುಂಪಾಗಿ ಒಮ್ಮೆಗೇ ಮೇಲೆದ್ದು ಉಸಿರೆಳೆದು ಮುಳುಗುತ್ತವೆ. ಅವುಗಳ ಕೆಳಗೆ ತಾಯ್ತಂದೆ ಕಾವಲು ತಿರುಗುತ್ತವೆ. ಆ ಕೆಂಪು ಗುಂಪಿನ ನಡುವೆ ರಬ್ಬರಿನ ಕಪ್ಪೆಯನ್ನು ಬೀಳಿಸಿದರೆ ಕಾವಲುಮೀನು ತಪ್ಪದೆ ಎರಗುತ್ತದೆ. ಹಸಿವಿನಿಂದಲ್ಲ, ಮಕ್ಕಳ ಮೇಲಣ ಭಯದಿಂದ. ಬೇಟೆಗಾರರಿಗೆಲ್ಲ ಗೊತ್ತಿರುವ ಸುಲಭೋಪಾಯವಿದು. ಅದರಿಂದ ಸಿಗುವುದು ಒಂದು ಮೀನು. ರಕ್ಷಕರನ್ನು ಕಳೆದುಕೊಂಡ ಮರಿಗಳ ಗುಂಪು ಕ್ಷಣಮಾತ್ರದಲ್ಲಿ ಇತರ ಮೀನುಗಳ ಪಾಲು. ಹಸಿವನ್ನು ವಂಚಿಸುವುದು ಬೇಟೆ. ವಾತ್ಸಲ್ಯವನ್ನು ವಂಚಿಸುವುದಕ್ಕೆ ಬೇರೆ ಹೆಸರಿದೆ.

ಒಳ್ಳೆಯ ಎರೆ ಯಾವುದೆಂಬ ಪ್ರಶ್ನೆಗೆ ಹೀಗೆ ಉತ್ತರ ದೊರೆಯುತ್ತದೆ. ಕೆರೆಯನ್ನು ಓದಿದವನ ಕೈಯಲ್ಲಿ ಚಾಕಲೇಟಿನ ಕಾಗದ ಸುತ್ತಿದ ಬೆಂಡೂ ಒಳ್ಳೆಯ ಎರೆ, ಮೇದರ ಅಂಗಡಿಯ ಬಿದಿರೂ ಒಳ್ಳೆಯ ಕೋಲು. ಓದದವನಿಗೆ ಜಗತ್ತಿನ ಅಂಗಡಿಗಳೆಲ್ಲ ಸೇರಿದರೂ ಸಾಲವು. ಕೋಲು ಮುರಿದರೆ ಇನ್ನೊಂದನ್ನು ಕೊಳ್ಳಬಹುದು, ಎರೆ ಕಳೆದರೆ ಇನ್ನೊಂದನ್ನು ಕೆತ್ತಬಹುದು. ಕಡಿಮೆ ಬೆಲೆಗೆ ಸಿಗದಿರುವುದು ಕೆರೆಯೊಂದೇ.